ಎರಡಾಣೆ ದಾರಿ

ಸರಪಳಿಗೆ ಮೂವತ್ತಮೂರು ಅಡಿ, ಹದಿನಾರು ಆಣೆ.
ಒಂದಾಣೆ ಅಂದರೆ ಎರಡಡಿಗೆ ಒಂಚೂರು ಮೇಲೆ.
ಈ ಲೆಕ್ಕ ಈಗ ಕಚೇರಿಯ ಹೊಸ ಹುಡುಗರಿಗೆ ಬೇಡ,
ಅವರ ಯಂತ್ರ ಆಕಾಶವನ್ನು ಕೇಳಿ ಅಳೆಯುತ್ತದೆ.
ನಾನು ಬಗ್ಗಿ, ನೆಲವನ್ನು ಕೇಳಿದವನು.

ಮೂವತ್ತೊಂದು ವರ್ಷ
ಅಣ್ಣನಿಂದ ತಮ್ಮನನ್ನು ಬಿಡಿಸಿದ್ದೇನೆ,
ಬಾವಿಯ ನಟ್ಟನಡುವೆ ಗೆರೆ ಎಳೆದಿದ್ದೇನೆ,
ಹುಣಸೆಮರದ ನೆರಳು ಬೆಳಿಗ್ಗೆ ಯಾರದು, ಸಂಜೆ ಯಾರದು
ಅಂತ ಕೇಳಿದವರಿಗೆ ಉತ್ತರ ಹೇಳದೆ
ಅವರ ಮನೆಯ ಕಾಫಿ ಕುಡಿದು ಬಂದಿದ್ದೇನೆ.
ನಿವೃತ್ತಿಯ ದಿನ ಸರಪಳಿಗೆ ಕೊಬ್ಬರಿ ಎಣ್ಣೆ ಸವರಿ
ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಒಂದು ಭಾನುವಾರ ಬಂದರು:
ಸೇವಂತಿಗೆ ತೋಟದ ಲೂರ್ದಮ್ಮ,
ಇಟ್ಟಿಗೆ ಗೂಡಿನ ಜಬೀವುಲ್ಲಾ,
ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿನ ವಾಸಂತಿ ಕುಡ್ವ,
ಮೂವರ ಚಪ್ಪಲಿಗೂ ಒಂದೇ ಕೆಮ್ಮಣ್ಣು.
“ಜೋಗಿಕುಂಟೆ ಕೋಡಿಯಿಂದ ನರಿಬಂಡೆ ತಂಕ
ಜನ ನಡ್ಯಕ್ಕೆ ಒಂದು ದಾರಿ ಸಾರ್,
ಯಾರ್ದೂ ಅಲ್ದಿರೋ ದಾರಿ. ಅಳ್ದುಕೊಡಿ.”

ಯಾರದೂ ಅಲ್ಲದ್ದನ್ನು ಅಳೆಯುವುದು
ಇಲಾಖೆ ನನಗೆ ಕಲಿಸಿರಲಿಲ್ಲ.

ಹಳೆಯ ನಕಾಶೆಯಲ್ಲಿ ಇತ್ತು ಅದು,
ಚುಕ್ಕಿಚುಕ್ಕಿ ಗೆರೆ, ಇರುವೆ ಸಾಲಿನ ಹಾಗೆ.
ಅದರ ಮೇಲೆ ಈಗ ಒಂದು ಶೆಡ್ಡು, ಎರಡು ಬೋರ್‌ವೆಲ್,
ಒಂದು ಕಾಂಪೌಂಡು, ಕಾಂಪೌಂಡಿನ ಒಳಗೆ
ಇರುವೆ ಸಾಲು ಮುಳುಗಿದ ಈಜುಕೊಳ.

ಹಾಲಿನ ಡೈರಿಯ ಮುಂದೆ ಸಭೆ.
ಪಿಳ್ಳಂಜಿನಪ್ಪ ಕೂರಲೇ ಇಲ್ಲ.
“ನಮ್ಮವ್ವ ಸೌದೆ ಹೊತ್ಕೊಂಡು ಬತ್ತಿದ್ದ ದಾರಿ ಅದು.
ನೀವು ಗೋಡೆ ಎತ್ತಿದ್ ಮೇಲೆ ಸುತ್ತಾಕ್ಕೊಂಡು ಬಂದ್ಲು,
ಎರಡು ಮೈಲಿ, ಸಾಯೋ ಗಂಟ.
ಈಗ ನಿಮ್ಗೆ ಗಾಳಿ ಬೇಕಾ?”

ಯಾರೂ ಕೆಮ್ಮಲಿಲ್ಲ.
ವಾಸಂತಿ ಕುಡ್ವ ಎದ್ದು, ಏನೋ ಹೇಳಹೋಗಿ, ಕೂತರು.
ಕ್ಯಾನಿನ ಮೇಲೆ ಇಟ್ಟ ಟೀಗೆ ಕೆನೆ ಕಟ್ಟಿತು.

ಎರಡು ತಿಂಗಳು, ಮೂರು ಮತದಾನ,
ಕೊನೆಗೆ ತೊಂಬತ್ತನಾಲ್ಕಕ್ಕೆ ಎಂಬತ್ತೆಂಟು.
ಗೋಡೆಗೆ ಹಾರೆ ಬಿದ್ದ ದಿನ
ಗಾರೆ ಕೆಲಸದ ಸವರಿಮುತ್ತು ನಕ್ಕು ಹೇಳಿದ,
“ಕಟ್ಟಿದ್ದೂ ನಾನೇ. ಆವತ್ತು ಕೂಲಿ ಕಮ್ಮಿ.”
ಒಡೆದದ್ದು ಎರಡಾಣೆ ಅಗಲ.
ಇಬ್ಬರು ಎದುರಾದರೆ
ಒಬ್ಬರು ಭುಜ ತಿರುಗಿಸಬೇಕು, ಅಷ್ಟೇ.

ಲೂರ್ದಮ್ಮ ಒಂದು ಸಾಲು ಹೂವು ಕಿತ್ತಳು,
ಕೀಳುವಾಗ ಬೈದುಕೊಂಡೇ ಕಿತ್ತಳು.
ಜೌಗಿಗೆ ಗೂಡಿನ ಒಡೆದ ಇಟ್ಟಿಗೆ ಬಂತು.
ಶಾಲೆಯ ಮಕ್ಕಳು ಕಲ್ಲಿಗೆ ಸುಣ್ಣ ಬಳಿದು
ಬಾಣದ ಗುರುತು ಬರೆದರು, ಒಂದು ಬಾಣ ಕೆರೆಯೊಳಕ್ಕೆ.
ಸ್ಮಶಾನದ ಅಂಚಿನಲ್ಲಿ ನಾನು ನಿಂತೆ:
ಇಲ್ಲಿ ಒಪ್ಪಿಗೆಗೆ ಯಾರು ಸಹಿ ಹಾಕುವುದು?
ಗುಂಡಿ ತೋಡುವ ಕುಳ್ಳಯ್ಯ ಬೀಡಿ ತೆಗೆದು ಹೇಳಿದ,
“ಅವ್ರ್ಯಾರೂ ಬೇಡ ಅನ್ನಕಿಲ್ಲ. ಮೆತ್ತಗೆ ಬನ್ನಿ.”

ಪಿಳ್ಳಂಜಿನಪ್ಪ ಮಾತ್ರ ಕೊಡಲಿಲ್ಲ.
ಸರಪಳಿ ಹಾಸಿದಾಗ ಅದರ ಮೇಲೆ ಕಾಲಿಟ್ಟು ನಿಂತ,
ನಾನು ಎಳೆಯಲಿಲ್ಲ.
ಅವನ ಬಾಂದು ಕಲ್ಲಿನ ಹತ್ತಿರ
ದಾರಿ ಮೊಣಕೈ ಮಡಿಸಿ ಹೊಂಗೆಮರವನ್ನು ಬಳಸಿ ಹೋಯಿತು.
ನನ್ನ ಜೀವನದಲ್ಲಿ ನಾನು ಎಳೆದ ಗೆರೆಗಳಲ್ಲಿ
ಸೊಟ್ಟಗಿರುವುದು ಅದೊಂದೇ.

ಈಗ ಸಂಜೆ ಬಂಡೆ ಹತ್ತಿದರೆ
ದೂರದ ಕಂಬಗಳ ಮೇಲೆ ಮೆಟ್ರೋ ದೀಪ ಹಚ್ಚಿಕೊಂಡು ಹೋಗುತ್ತದೆ.
ಮಕ್ಕಳು ಕೈ ಬೀಸುತ್ತಾರೆ, ಅದಕ್ಕೆ ಕಾಣುವುದಿಲ್ಲ.
ಇಳಿದು ಬರುವಾಗ
ಅವನು ಬಾಂದು ಕಲ್ಲಿನ ಮೇಲೆ ಕೂತಿರುತ್ತಾನೆ,
ಬೆರಳ ಗೆಣ್ಣು ಮುಟ್ಟುತ್ತಾ.
ನಾನು ಕೇಳುವುದಿಲ್ಲ, ಅವನೇ ಹೇಳುತ್ತಾನೆ:

“ಇವತ್ತು ನಲವತ್ತೊಂದು ಜನ. ಎರಡು ನಾಯಿ.
ಸೌದೆ ಹೊತ್ತೋರು ಯಾರೂ ಇಲ್ಲ.”

ನಲವತ್ತೊಂದು ನನ್ನನ್ನು ಸೇರಿಸಿಯೋ, ಬಿಟ್ಟೋ,
ಅದನ್ನೂ ಕೇಳಿಲ್ಲ.