ಎರಡು ಗೇಣು

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದು, ಟುಮ್ಮಸ್:
ಎದೆಯೊಳಗೆ ಯಂತ್ರವೇನಾದರೂ ಇದೆಯೇ?
(ಈ ಊರಿನಲ್ಲಿ ಎಂಬತ್ತರ ಮುದುಕನಿಗೂ ನೀನು ಎನ್ನುತ್ತೇವೆ.)
ನಗುತ್ತಾನೆ. ಎಡ ಕೊರಳೆಲುಬಿನ ಕೆಳಗೆ ಬೆರಳಿಟ್ಟು
ತೋರಿಸುತ್ತಾನೆ: ಬೆಂಕಿಪೊಟ್ಟಣದಷ್ಟು ಉಬ್ಬು.
"ಆರು ವರ್ಷವಾಯಿತು. ಕೋಪನ್‌ಹೇಗನ್‌ನಲ್ಲಿ ಇಟ್ಟದ್ದು.
ನನಗಿಂತ ಸರಿಯಾಗಿ ಕೆಲಸ ಮಾಡುತ್ತದೆ."

ಹಾಗಾದರೆ ಪೆಟ್ಟಿಗೆ ಎದೆಜೇಬಿಗಿಲ್ಲ.
ಒಂದು ಗೇಣು ಸಾಕು ಅನ್ನುತ್ತಾರೆ, ಎರಡಿರಲಿ:
ಬಲ ಸೊಂಟ, ಹಿಂಬದಿ, ಬೆಲ್ಟಿಗೆ.
ಆಂಟೆನಾದ ಬಾಲ ತನ್ನಷ್ಟಕ್ಕೆ ನೇತಾಡಲಿ;
ಸುರುಳಿ ಸುತ್ತಿ ಜೇಬಿಗೆ ತುರುಕಿದರೆ
ಮಾತು ಜೇಬಿನಲ್ಲೇ ಉಳಿಯುತ್ತದೆ.

ಬ್ಯಾಟರಿ ಎರಡೂ ಹೊಸವು, ಒಂದೇ ಕಂಪನಿಯವು.
ಹಳೆಯದಕ್ಕೆ ಹೊಸದನ್ನು ಜೋಡಿ ಹಾಕಿ
ಒಮ್ಮೆ ಪಾದ್ರಿಯ ಪ್ರವಚನದ ನಡುವೆ,
ದೇವರ ಹೆಸರು ಬರುವ ಹೊತ್ತಿಗೆ ಸರಿಯಾಗಿ
ಪೆಟ್ಟಿಗೆ ಕಣ್ಣುಮುಚ್ಚಿತ್ತು.
ಜನ ಮೌನಪ್ರಾರ್ಥನೆ ಎಂದುಕೊಂಡು ತಲೆ ತಗ್ಗಿಸಿದರು.
ನಾನೂ ತಗ್ಗಿಸಿದೆ, ಬೇರೆ ಕಾರಣಕ್ಕೆ.

ಈಗ ಮೈಕು. ಗಲ್ಲದಿಂದ ಒಂದು ಹಸ್ತ ಕೆಳಗೆ.
ಅವನ ಸ್ವೆಟರೋ, ಬೈಂಟಾ ಹೆಣೆದ ಒರಟು ಉಣ್ಣೆ;
ಉಸಿರೆಳೆದರೆ ಸಾಕು, ಹೆಡ್‌ಫೋನಿನಲ್ಲಿ
ಕುರಿಮಂದೆಯೇ ಬೇಲಿ ನುಗ್ಗಿದ ಸದ್ದು.
ಅಂಗಿಯ ಕಾಲರಿಗೆ ಸಿಕ್ಕಿಸುತ್ತೇನೆ,
ತಂತಿಗೊಂದು ಸಡಿಲ ಕುಣಿಕೆ ಬಿಡುತ್ತೇನೆ:
ಜಗ್ಗಿದರೆ ಕುಣಿಕೆ ಜಗ್ಗಲಿ, ಮೈಕಲ್ಲ.
"ಟಗರಿಗೆ ಗಂಟೆ ಕಟ್ಟಿದ ಹಾಗಾಯಿತು."
ಹೌದು. ಎಲ್ಲಿ ಮೇಯುತ್ತೀ ಎಂದು ತಿಳಿಯಲಿಕ್ಕೇ.

ರಿಸೀವರಿನ ದನಿ ಮುಚ್ಚಿ, ಆಮೇಲೆ ಪೆಟ್ಟಿಗೆ ಹಚ್ಚುತ್ತೇನೆ.
ಒಂದು ಚಾನೆಲ್‌ನಲ್ಲಿ ಯಾರದೋ ಗರಗರ,
ಇನ್ನೊಂದು ಖಾಲಿ. ಅದಾಗಲಿ.
ಬೆಳಿಗ್ಗೆ ಏನು ತಿಂದೆ, ಟುಮ್ಮಸ್?
"ಒಣಮೀನು. ಬೆಣ್ಣೆ." ಮುಳ್ಳು ನಟ್ಟನಡುವೆ.
ಪಕ್ಕದ ಮನೆಯ ಸೋಫುಸ್‌ನ ದೋಣಿಯ ವಿಚಾರ ಹೇಳು.
ಕೆಂಪು ದೀಪ!
ಸೋಫುಸ್‌ಗೆಂದು ಜಾಗ ಬಿಟ್ಟು
ಎರಡು ಮೆಟ್ಟಿಲು ಇಳಿಸುತ್ತೇನೆ.

ದನಿ ಎಷ್ಟು ದೂರ ಹೋದೀತೆಂದು ಕೈಪಿಡಿಯಲ್ಲಿದೆ.
ಕೈಪಿಡಿ ಬರೆದವರಿಗೆ ಮೈಯಿಲ್ಲ.
ಮೈಯೆಂದರೆ ನೀರು; ಈ ಅಲೆಗೆ ನೀರು ಗೋಡೆ.
ಅವನು ನನ್ನತ್ತ ಮುಖ ಮಾಡಿದರೆ ಪೆಟ್ಟಿಗೆ ಮರೆಯಾಗುತ್ತದೆ,
ನನ್ನನ್ನು ನೋಡಿ ಆಡಿದ ಮಾತೇ ಮಸುಕು.
ಅದಕ್ಕೇ ಹೇಳಿದೆ: ಬೆನ್ನು ಕೊಟ್ಟು ನಡೆ.
ನಡೆಯುತ್ತ ಕಲ್ಲುಗಳ ಹೆಸರು ಹೇಳು.

ಟಗರು ಜಾರಿದ್ದು.
ವಿಧವೆಯ ಬೆಂಚು.
ಸುಳ್ಳುಕೊಲ್ಲಿ. "ಶಾಂತವಾಗಿ ಕಾಣುತ್ತದಲ್ಲ, ಅದಕ್ಕೆ."
ಹೆಸರಿಲ್ಲದ್ದು. "ಹೌದು, ಅದರ ಹೆಸರೇ ಅದು."
ಗುಡ್ಡದ ತಿರುವಿನಲ್ಲಿ ಮಾತು ಹರಿಯತೊಡಗಿತು,
ಮೂರು ಅಕ್ಷರ, ಗಾಳಿ, ಅರ್ಧ ಕಲ್ಲು,
ಆಮೇಲೆ ಬರೀ ಸೊಂಯ್.

ಎದ್ದು ನಿಂತೆ.
ಅಳೆದ ಎರಡು ಗೇಣು ಬೆರಳಿಗೆ ನೆನಪಾಯಿತು. ಸಾಕಾಗಿತ್ತೇ?
ಏರುದಾರಿಗೆ ಕಳಿಸುವ ಮುನ್ನ ಕೇಳಿದೆನೇ ನಾನು
ಎದೆಯನ್ನಲ್ಲ, ಕಾಲನ್ನು?
ಹೆಡ್‌ಫೋನು ತೆಗೆದೆ: ಕಡಲಹಕ್ಕಿಗಳ ಗದ್ದಲ.
ಮತ್ತೆ ಹಾಕಿಕೊಂಡೆ.

ಏಳು ನಿಮಿಷ.
ಆಮೇಲೆ ಸೊಂಯ್‌ನೊಳಗಿಂದ ಒಂದು ಕೆಮ್ಮು,
ಮಸುಕಾಗಿ, ತೀರಾ ಮಸುಕಾಗಿ.
ಹಾಗಾದರೆ ನನ್ನತ್ತ ತಿರುಗಿದ್ದಾನೆ.

"ತಿರುವಿನಾಚೆಯ ಹೆಸರುಗಳು ಸಿಗಲಿಲ್ಲ" ಎಂದೆ.
"ಹೇಳಲಿಲ್ಲ" ಎಂದ. "ಏರು. ಉಸಿರು ಬೇಕಿತ್ತು."

ಪೆಟ್ಟಿಗೆ ಆರಿಸಿ, ಮೈಕು ಬಿಚ್ಚಿ,
ಬೆವರೊರೆಸಿ, ಬ್ಯಾಟರಿ ಹೊರಗೆ;
ಒಳಗೇ ಬಿಟ್ಟರೆ ಸೋರಿ ಕಿಲುಬು ಹಿಡಿಯುತ್ತದೆ.
ಅಂಗೈಯಲ್ಲಿ ಅವು ಇನ್ನೂ ಬೆಚ್ಚಗಿದ್ದವು.
"ನನ್ನದು ಇನ್ನೂ ನಾಲ್ಕು ವರ್ಷ ಬರುತ್ತದಂತೆ,"
ಕಾಲರು ಸರಿಮಾಡಿಕೊಳ್ಳುತ್ತ ಅಂದ,
"ನಿನ್ನವು ಒಂದು ಮಧ್ಯಾಹ್ನ.
ಒಳಗೆ ಬಾ. ಕಾಫಿ ಆರುತ್ತಿದೆ."