ಮೀನಿನ ಮುಳ್ಳು

ಚಾಂದಪಾಷಾನ ಗುಜರಿಯಾಗ ತೂಕದ ಲೆಕ್ಕ:
ಹಳೇ ಟಿವಿ ಆಂಟೆನಾ ಎರಡು, ಕಡ್ಡಿ ಸೊಟ್ಟಾದವು,
ಮ್ಯಾಲ ಕಾಗಿ ಹಿಕ್ಕಿ.
"ಮಾರಾಕ ವಾಡಿಗೆ ವಾಡೀನಽ ಬಂದದ ಅಕ್ಕಾ,
ಕೊಳ್ಳಾಕ ಬಂದಾಕಿ ನೀ ಒಬ್ಬಾಕಿ" ಅಂದ.
ಚಿಲ್ಲರ ಇಲ್ಲಂತ ನಾಕು ನಟ್ಟು ಕೊಟ್ಟ.

ಹಗಲೆಲ್ಲ ಜಂಕ್ಷನ್ನಿನಾಗ ಸಿಗ್ನಲ್ ರಿಲೇ ಒರಸೂ ಕೈ ಇವು.
ರಿಲೇಕ್ಕ ಎರಡಽ ಮಾತು: ಹೌದು, ಇಲ್ಲ.
ರಾತ್ರಿಗೆ ಮೂರನೇದೊಂದು ಬೇಕಾಗ್ತದ.

ಮಾಳಿಗಿ ತುಂಬ ಶಹಾಬಾದಿ ಪರಸಿ,
ಪರಸಿ ಮ್ಯಾಲ ಸಿಮೆಂಟ್ ಫ್ಯಾಕ್ಟರಿ ಧೂಳು.
ಬೆರಳಲೆ ಅದರ ಮ್ಯಾಲಽ ಲೆಕ್ಕಾ ಹಾಕ್ದೆ:
ಮುನ್ನೂರನ್ನ ನೂರಾ ನಲವತ್ತೈದರಲೆ ಭಾಗಿಸಿದ್ರ
ಎರಡು ಮೀಟರ್ ಏಳು ಸೆಂಟಿ, ಒಂದು ಅಲೆ.
ಅದರ ಅರ್ಧಕ್ಕ ಚೂರು ಕಮ್ಮಿ ತೊಂಬತ್ತೇಳು. ಇದಕ್ಕ ವೈರು.
ಹಿಂದಿಂದು ನೂರಾ ಮೂರು.
ಮುಂದಿನವು ತೊಂಬತ್ತೆರಡು, ತೊಂಬತ್ತು.
ಗಾಳಿ ಬಂತು, ಲೆಕ್ಕ ಸೇಡಂ ಕಡಿ ಹಾರಿ ಹೋಯ್ತು.
ನೆನಪಿಲೆ ಕೊಯ್ದೆ. ಒಂದು ಕಡ್ಡಿ ಎರಡು ಬೆರಳು ಗಿಡ್ಡಾತು.
ಅದನ್ನೀಗ ಪುತಳಾಬಾಯಿ ಒಲಿ ಕೆದರಾಕ ಇಟ್ಟಾಳ.

ಬೇವಿನ ಪಟ್ಟಿಗೆ ತೂತು ಕೊರದು ಕಡ್ಡಿ ತೂರಸೂ ಮುಂದ
ಗ್ವಾಡಿ ಆಚಿಂದ ಆಕೀನಽ ಕೇಳಿದ್ಳು:
"ಟಿವಿ ತಗಡಿನ ತಾಟಿಗೆ ಹೋಗಿ ಯಾವ ಕಾಲಾತು,
ಈ ಮೀನಿನ ಮುಳ್ಳು ಯಾರಿಗೆ?"
ತೋರಿಸ್ದೆ: ವೈರು ಇದೊಂದಕ್ಕಽ.
"ಉಳದ ಮೂರು?"
ಅವಕ್ಕ ಏನೂ ಕಟ್ಟಂಗಿಲ್ಲ. ಸುಮ್ಮ ನಿಂದರ್ತಾವ.
ಹಿಂದಿಂದು ಹಿಂದಕ್ಕ ಹೋಗಗೊಡಂಗಿಲ್ಲ,
ಮುಂದಿನವು ಬಾ ಅಂತಾವ.
"ನಮ್ಮನ್ಯಾಗೂ ಸುಮ್ಮ ನಿಂದ್ರವು ಮೂರವ,
ಕೆಲಸ ಮಾತ್ರ ಆಗಂಗಿಲ್ಲವ್ವಾ" ಅಂದ್ಳು.

ಮೀಟರಿನ ಮುಳ್ಳು ಮೂರಕ್ಕ ಏರಿ ಇಳೀವಲ್ದು.
ಅರ್ಧ ತಾಸು ಬೆಸುಗಿ ಬಿಚ್ಚಿದೆ, ಹಚ್ಚಿದೆ, ಬಿಚ್ಚಿದೆ.
ತಲಿ ಎತ್ತಿ ನೋಡಿದ್ರ ಮುಂದಿನ ಕಡ್ಡಿ ಮ್ಯಾಲ
ಪುತಳಾಬಾಯಿದು ಹಸಿ ಕುಬಸ.
ತಗದೆ. ಒಂದೂವರಿಗೆ ಇಳೀತು.

ಏಳೂವರಿಗೆ ಕರೆಂಟ್ ಹೋತು. ಅದೂ ಒಳ್ಳೇದಽ,
ಊರಿನ ಮೋಟರು, ಟ್ಯೂಬ್‌ಲೈಟು ಎಲ್ಲಾ ಬಾಯಿ ಮುಚ್ಚಿದ್ವು.
ಬ್ಯಾಟರಿ ಅದ, ಐದು ವ್ಯಾಟು ಅದ.
ಹೊತ್ತು ಮುಣಗೂ ಕಡಿ ತಿರುವಿ ಕರದೆ.
ಸರ್ರ್.
ಒಂದು ಗೇಣು ಬಡಗಲಕ್ಕ ತಿರುವಿ ಮತ್ತ ಕರದೆ.
ಸರ್ರ್.
ಗೂಡ್ಸ್ ಗಾಡಿ ಒಂದು ಪೂರಾ ದಾಟೂ ತನಕ ತಡದು, ಮತ್ತ.

ಬಂತು.
ಕಾದ ಹಂಚಿಗೆ ನೀರು ಚಿಮುಕಿಸಿದಂಗ ಚಿಟಿಚಿಟಿ,
ಅದರ ನಡುವ ಒಂದು ದನಿ: ಅಕ್ಕಲಕೋಟ. ಹೆಸರು ರೇವಣಸಿದ್ಧ.
ಮರಾಠಿ ಹತ್ತಿದ ಕನ್ನಡ. ಮನಿ ಮ್ಯಾಲ ಅವಂದೂ
ಛತ್ರಿ ಕಡ್ಡೀಲೆ ಕಟ್ಟಿದ್ದಂತ.
"ಮೇಡಂ, ಒಂದು ಕೇಳ್ಲ್ಯಾ? ನಿಮ್ಮ ಬಾಜೂಕ
ತಪ್ ತಪ್ ಅಂತದ. ಏನದು, ಮಶೀನು?"

ಗ್ವಾಡಿ ಆಚಿ ಒಲಿ ಬೆಳಕಿನಾಗ
ಪುತಳಾಬಾಯಿ ರೊಟ್ಟಿ ಬಡೀಲಾಕತ್ತಿದ್ಳು.
ಗುಂಡಿ ಒತ್ತಿ ಮೈಕು ಆಕಿ ಕಡಿ ಹಿಡದೆ.
ಒಂದು ರೊಟ್ಟಿ ಪೂರಾ ಆಗೂ ತನಕ
ನಾ ಏನೂ ಹೇಳಲಿಲ್ಲ.