ಐಜೋಕಿ

ಬಸ್ಸಿಗೆ ಡೀಸೆಲ್ ಇರಲಿಲ್ಲ. ಅಷ್ಟೇ ಕಾರಣ.
ಆರೋಗ್ಯದ ಮಾತು ಆಮೇಲೆ ಬಂತು ಡಾಕ್ಟರ ಬಾಯಿಂದ,
ಉಪಾಯ ಅವರದೇ ಎಂಬಂತೆ.

ಪಕ್ಕದ ಮನೆಯ ಮೆರ್ಹಾವಿ ಉದ್ದ ಬೆಳೆದು
ಬಿಟ್ಟುಕೊಟ್ಟ ಸೈಕಲ್ಲು. ಒಂದು ಕಾಲಕ್ಕೆ ಹಸಿರು.
ಮೆದೆಬರಿನ ಗುಜರಿ ಸಾಲಿನಲ್ಲಿ
ಡಬ್ಬಿ ಬಡಿದು ಒಲೆ ಮಾಡುವ ಮುದುಕ
ಸೀಟು ತಗ್ಗಿಸುತ್ತ ಕೇಳಿದ:
"ಯಾರಿಗೆ, ಮೊಮ್ಮಗನಿಗೋ?"
ನನಗೆ ಐವತ್ಮೂರು. ಹೌದೆಂದೆ.

ಮೊದಲ ವಾರ
ಹೆಗಲ ಮೇಲಿನ ನೆತ್ಸೆಲಾ ಚೈನಿಗೆ ಸಿಕ್ಕಿ
ನಡುಬೀದಿಯಲ್ಲಿ ಕುಕ್ಕರಿಸಿದೆ,
ಬಿಳಿ ಅಂಚಿಗೆಲ್ಲ ಕರಿ ಎಣ್ಣೆ.
ಕಾಫಿ ಅಂಗಡಿಯ ಗಂಡಸರು
ಬಟ್ಟಲು ಕೆಳಗಿಡದೆ ನೋಡಿದರು.
ಅತ್ತೆ ಅಂದರು: ಇನ್ನು ಹಾರುವುದೊಂದು ಬಾಕಿ.

ನಮ್ಮ ಅಸ್ಮರಾ ಮೋಡದ ಪಕ್ಕದ ಊರು.
ಉಸಿರನ್ನಿಲ್ಲಿ ಚೌಕಾಸಿ ಮಾಡಿ ಕೊಳ್ಳಬೇಕು,
ಬೆಳಗಿನ ಸಂತೆಯಲ್ಲಿ ಟೊಮೇಟೊ ಕೊಂಡ ಹಾಗೆ.
ಅಂಗಿ ಕಾರ್ಖಾನೆಗೆ ಏರುದಾರಿ.
ತೊಡೆ ಉರಿಯಿತು. ಎದೆ ಹಳೆ ಹೊಲಿಗೆ ಯಂತ್ರದಂತೆ
ನಿಂತು, ಕಟಕಟಿಸಿ, ಮತ್ತೆ ಓಡಿತು.
ತಳ್ಳಿಕೊಂಡೇ ಹತ್ತಿದೆ. ಎಷ್ಟೋ ದಿನ ತಳ್ಳಿಕೊಂಡೇ.

ಇಳಿಯದೆ ಹತ್ತಿದ್ದು ಯಾವತ್ತೋ ನೆನಪಿಲ್ಲ.
ದಿಬ್ಬಕ್ಕೆ ಬೆನ್ನು ತಟ್ಟುವ ಅಭ್ಯಾಸವಿಲ್ಲ.
ಆದರೆ ಆ ಹಗಲು ಹೊಲಿದ ಕಾಲರುಗಳೆಲ್ಲ ನೆಟ್ಟಗೆ ನಿಂತವು,
ಆ ರಾತ್ರಿ ಮಂಡಿ ಎಣ್ಣೆ ಕೇಳಲಿಲ್ಲ.
ವರ್ಷಗಳ ಹಿಂದೆ ಮುನಿಸಿಕೊಂಡು ಹೋದ ನಿದ್ದೆ
ಚಪ್ಪಲಿ ಬಿಟ್ಟು ಒಳಗೆ ಬಂದಳು.

ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಅಂಕಿ ನೋಡಿ,
ಮತ್ತೊಮ್ಮೆ ಕಟ್ಟಿದರು.

ಅವರಿಗೆ ಹೇಳದ ಒಂದು ಮಾತಿದೆ.
ಅಪ್ಪನ ಗಡಿಯಾರಕ್ಕಾಗಿ
ತಂಗಿ ಅಬ್ರೆಹೆತ್ ಜತೆ ಜಗಳವಾದ ದಿನ
ಮನೆಯಲ್ಲಿ ಅಳಲು ಒಂದು ಮೂಲೆ ಖಾಲಿ ಇರಲಿಲ್ಲ.
ಇಳಿಜಾರಿನಲ್ಲಿ ಬ್ರೇಕು ಬಿಟ್ಟೆ.
ಕಣ್ಣೀರು ಕಂಡವರು ಗಾಳಿ ಅಂದುಕೊಂಡರು.
ಕೆಳಗೆ ಮುಟ್ಟುವಷ್ಟರಲ್ಲಿ ನಾನೂ ಹಾಗೇ ಅಂದುಕೊಂಡೆ.
ಕೋಪ ಎಲ್ಲೋ ಬಿದ್ದುಹೋಗಿತ್ತು,
ಕ್ಯಾರಿಯರಿನಿಂದ ಸಡಿಲ ಗಂಟು ಜಾರಿದ ಹಾಗೆ.
ತಿರುಗಿ ಹೋಗಿ ಹುಡುಕಲಿಲ್ಲ.
ಗಡಿಯಾರ ಈಗಲೂ ಅವಳ ಹತ್ತಿರವೇ. ನಿಂತಿದೆಯಂತೆ.

ಒಂದು ಭಾನುವಾರ, ತಾಳೆ ಮರಗಳ ಬೀದಿಯಲ್ಲಿ,
ರೇಸಿನ ಹುಡುಗರು ಜೇನುಹಿಂಡಿನಂತೆ ಬಂದು
ನನ್ನ ಎಡಕ್ಕೂ ಬಲಕ್ಕೂ ಒಡೆದು
ಮುಂದೆ ಮತ್ತೆ ಕೂಡಿಕೊಂಡರು.
ಒಬ್ಬ ತಿರುಗದೆಯೇ ಕೂಗಿದ: "ಐಜೋಕಿ!"
ಹೆರಿಗೆ ಕೋಣೆಯಲ್ಲಿ ನನಗೆ ಹೇಳಿದ್ದ ಮಾತು,
ಸಾವಿನ ಮನೆಗಳಲ್ಲಿ ನಾನು ಹೇಳಿದ್ದ ಮಾತು:
ಧೈರ್ಯ, ತಾಯಿ, ಧೈರ್ಯ.

ಸುಮ್ಮನೆ, ಬಿಸಿಲಿನಲ್ಲಿ,
ಯಾರೂ ಹುಟ್ಟದೆ ಯಾರೂ ಸಾಯದೆ
ಮೊದಲ ಸಲ ಕೇಳಿದ್ದು.

ಬಸ್ಸು ಮತ್ತೆ ಓಡುತ್ತಿದೆ ಈಗ.
ನಿಲ್ದಾಣದಲ್ಲಿ ಅತ್ತೆ ಕೈ ಅಡ್ಡ ಹಿಡಿಯುತ್ತಾರೆ,
ಕಂಕುಳಲ್ಲಿ ಪಾಪಾಸುಕಳ್ಳಿ ಹಣ್ಣಿನ ಬುಟ್ಟಿ:
"ಇದನ್ನು ನಿನ್ನ ಹಿಂದೆ ಕಟ್ಟಿಕೊ,
ಬಸ್ಸಿನಲ್ಲಿ ಜಜ್ಜಿಹೋಗುತ್ತೆ."